ಆರನೆಯ ನೀರು

ಸ್ನಾನಕ್ಕೆ ಕುಳಿತ ಮನುಷ್ಯ ಮೊದಲನೆಯ ತಂಬಿಗೆ ನೀರನ್ನು ಮೈಯ ಯಾವ ಭಾಗಕ್ಕೆ ಸುರಿದುಕೊಳ್ಳುತ್ತಾನೆ ಎಂಬುದರಿಂದ ಅವನ ಸ್ವಭಾವವನ್ನು ಸಮಗ್ರವಾಗಿ ನಿರ್ಣಯಿಸಬಹುದು ಎಂಬುದು ನನ್ನ ಬಹುದಿನಗಳ ಸಿದ್ಧಾಂತ. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ನೇರವಾಗಿ ನೆತ್ತಿಯ ಮೇಲೆಯೇ ಸುರಿದುಕೊಳ್ಳುವವರು ಧೀರೋದಾತ್ತರು. ಹೆಗಲಿನಿಂದ ಆರಂಭಿಸುವವರು ಸಮನ್ವಯವಾದಿಗಳು. ಪಾದಕ್ಕೆ ಒಂದಿಷ್ಟು ಚಿಮುಕಿಸಿ, ಮೊಣಕಾಲಿಗೆ ಒಂದಿಷ್ಟು ಸವರಿ, ತಂಬಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಲೋಕದ ನಶ್ವರತೆಯನ್ನು ಕುರಿತು ಚಿಂತಿಸುತ್ತ ಕೂರುವವರು ಮೂರನೆಯ ಪಂಗಡದವರು. ನಾನು ಈ ಮೂರನೆಯ ಪಂಗಡದ ಆಜೀವ ಸದಸ್ಯ. ವರ್ಷದಲ್ಲಿ ಎಂಟು ತಿಂಗಳು ಹಂಡೆಯ ಕೆಳಗೆ ಒಲೆ ಹೊತ್ತಿಸದೆ ಸೂರ್ಯನೇ ನೀರು ಕಾಯಿಸಿಕೊಡುವ ಬಳ್ಳಾರಿಯಂಥ ಊರಿನಲ್ಲಿ ಹುಟ್ಟಿ ಬೆಳೆದವನಿಗೆ ನೀರಿನ ಬಗ್ಗೆ ಇಷ್ಟೊಂದು ಸಂಕೋಚ ಏಕೆಂದು ನೀವು ಕೇಳಬಹುದು. ನನ್ನ ಹೆಂಡತಿ ದಿನವೂ ಕೇಳುತ್ತಾಳೆ. ಕಂಟೋನ್ಮೆಂಟಿನ ನಮ್ಮ ಬಾಡಿಗೆ ಮನೆಯ ಬಚ್ಚಲಿನಲ್ಲಿ ನೀರಿನ ಸದ್ದು ಕೇಳದೆ ಹತ್ತು ನಿಮಿಷವಾಯಿತೆಂದರೆ, "ಏನ್ರಿ, ಒಳಗ ಅದೀರೋ ಇಲ್ಲೋ?" ಎಂದು ಬಾಗಿಲು ಬಡಿಯುತ್ತಾಳೆ. ಚಿಂತನಶೀಲನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲವೆಂದು ಬಹಳ ಕಾಲ ನಾನು ಉತ್ತರವನ್ನೇ ಕೊಡುತ್ತಿರಲಿಲ್ಲ.

ಈ ಮೂರು ಪಂಗಡಗಳಿಗೂ ಸೇರದ ಒಂದು ನಾಲ್ಕನೆಯ ಪಂಗಡವಿದೆ. ಅದರಲ್ಲಿ ನಾನು ಕಂಡದ್ದು ಒಬ್ಬರನ್ನೇ: ನನ್ನ ಸೋದರಮಾವನ ಹೆಂಡತಿ ನೀಲಮ್ಮತ್ತೆಯನ್ನು. ಅತ್ತೆ ನೀರನ್ನು ಮೈಮೇಲೆ ಹಾಕಿಕೊಳ್ಳುವ ಮೊದಲು ಒಂದು ಬೊಗಸೆ ಕುಡಿಯುತ್ತಿದ್ದಳು. ಅವಳ ತವರು ಸಿರುಗುಪ್ಪದ ಕಡೆಯ ಕೆಂಚನಗುಡ್ಡ. ತುಂಗಭದ್ರೆ ಮನೆಯಂಗಳದಷ್ಟು ಹತ್ತಿರ. ಅಲ್ಲಿ ಅವಳ ತಂದೆ ಮಕ್ಕಳಿಗೆ ನಡೆಯುವುದನ್ನೂ ಈಜುವುದನ್ನೂ ಹೆಚ್ಚುಕಡಿಮೆ ಒಟ್ಟಿಗೇ ಕಲಿಸಿದ್ದನಂತೆ, ಮತ್ತು ಹೊಳೆಗೆ ಇಳಿಯುವ ಮುನ್ನ ಒಂದು ಬೊಗಸೆ ನೀರು ಕುಡಿದೇ ಇಳಿಯಬೇಕೆಂದು ಕಟ್ಟುಮಾಡಿದ್ದನಂತೆ. ಹೊಸಬರ ಮನೆಗೆ ಹೋದಾಗ ಅವರು ಕೊಟ್ಟ ನೀರು ಕುಡಿದ ಮೇಲೆ ತಾನೇ ಮಾತು ಶುರುವಾಗುವುದು, ಹೊಳೆಗೂ ಅಷ್ಟೇ ಮರ್ಯಾದೆ ಎಂಬುದು ಅವನ ತರ್ಕ. ಆ ಕಾಲದಲ್ಲಿ ಹೊಳೆಯ ಈಚೆಯ ದಡ ಮದರಾಸಿನವರದು, ಆಚೆಯ ದಡ ನಿಜಾಮರದು. ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ನೀಲಮ್ಮತ್ತೆ ಬೇಸಗೆಯ ಹೊಳೆಯನ್ನು ಈಜಿ, ನಿಜಾಮರ ರಾಜ್ಯವನ್ನು ಕೈಯಿಂದ ಮುಟ್ಟಿ, ಯಾರ ಪರವಾನಗಿಯೂ ಇಲ್ಲದೆ ಹಿಂದಿರುಗುತ್ತಿದ್ದಳು. ಆಚೆ ದಡ ಮುಟ್ಟದೆ ತಿರುಗಿದರೆ ಅದು ಈಜು ಅಲ್ಲ, ಬರೀ ಸ್ನಾನ ಎಂಬುದೂ ಅವಳ ತಂದೆಯದೇ ಇನ್ನೊಂದು ಕಟ್ಟಳೆ.

ಇಂಥ ಹುಡುಗಿಯನ್ನು ತಂದದ್ದು ಕುರುಗೋಡಿಗೆ. ಕುರುಗೋಡಿನಲ್ಲಿ ಬೆಟ್ಟವಿದೆ, ಬಂಡೆಯಿದೆ, ಬಂಡೆಯಷ್ಟೇ ದೊಡ್ಡ ಬಸವಣ್ಣನಿದ್ದಾನೆ. ಹೊಳೆ ಮಾತ್ರ ಇಲ್ಲ. ಮನೆಯಲ್ಲಿ ಅತ್ತೆಯ ಅತ್ತೆ, ಎಂದರೆ ನನ್ನ ತಾಯಿಯ ತಾಯಿ, ನಮ್ಮ ಅಜ್ಜಿ. ಅಜ್ಜಿಯ ನಾಲಗೆಯ ಹರಿತವನ್ನು ಕುರಿತು ಇಡೀ ಓಣಿಗೆ ಏಕಾಭಿಪ್ರಾಯವಿತ್ತು. ಬಂದ ನೆಂಟರ ಪಂಚೆಯ ಅಂಚಿನಿಂದ ಹಿಡಿದು ಪೂಜಾರಿಯ ಮಂತ್ರದ ವೇಗದವರೆಗೆ ಎಲ್ಲದರಲ್ಲೂ ಕುಂದು ಕಾಣುವ ಆಕೆಯ ಕಣ್ಣಿಗೆ ಬೀಳದೆ ಉಳಿದದ್ದು ಒಂದೇ ವಸ್ತು: ಸೊಸೆ ಬಡಿಯುತ್ತಿದ್ದ ಜೋಳದ ರೊಟ್ಟಿ. ಇದರಲ್ಲಿ ಆಶ್ಚರ್ಯವೇನೆಂದರೆ ಆ ರೊಟ್ಟಿ ನಿಜವಾಗಿಯೂ ದಪ್ಪ. ಅತ್ತೆಗೆ ಬೇರೆಲ್ಲ ಬರುತ್ತಿತ್ತು, ರೊಟ್ಟಿ ಮಾತ್ರ ಕೈಗೆ ಹತ್ತಲಿಲ್ಲ. ಅಂಚಿನಲ್ಲಿ ಹಸಿ, ನಡುವೆ ದಪ್ಪ, ಒಂದು ತಿಂದರೆ ಸಂಜೆಯವರೆಗೆ ಹೊಟ್ಟೆಗೆ ಬೇರೆ ಚಿಂತೆ ಇಲ್ಲ. ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ಅದನ್ನು ಅರ್ಧ ಗಂಟೆ ಆಡಿಸಿ, ಒಂದು ಮಾತೂ ಆಡದೆ ಎದ್ದು ಕೈ ತೊಳೆಯುತ್ತಿದ್ದಳು. ಇದರ ಗುಟ್ಟು ನನಗೆ ತಿಳಿದದ್ದು ಬಹಳ ತಡವಾಗಿ.

ಮದುವೆಯಾದ ಮೊದಲ ಬೇಸಗೆಯಲ್ಲಿ ಒಂದು ಘಟನೆ ನಡೆಯಿತು. ನಾನಾಗ ಹುಟ್ಟಿರಲಿಲ್ಲ, ಆದರೆ ಎಲ್ಲರ ಬಾಯಲ್ಲೂ ಎಷ್ಟು ಸಲ ಕೇಳಿದ್ದೇನೆಂದರೆ ನಾನೂ ಅಲ್ಲಿಯೇ ನಿಂತು ನೋಡಿದಂತಿದೆ. ಹಿತ್ತಲ ತೋಟದ ಬಾವಿಯಲ್ಲಿ ನೀರು ಸೇದುತ್ತಿದ್ದಾಗ ಹಗ್ಗದ ಗಂಟು ಜಾರಿ ಹಿತ್ತಾಳೆಯ ಕೊಡ ಮುಳುಗಿತು. ಬಾವಿಗೆ ಬಿದ್ದ ಕೊಡವನ್ನು ಎತ್ತಲು ಕೊಕ್ಕೆಗಳ ಗೊಂಚಲಾದ ಪಾತಾಳಗರಡಿ ಬೇಕು. ಅದು ಇದ್ದದ್ದು ಓಣಿಗೆಲ್ಲ ಒಂದೇ ಮನೆಯಲ್ಲಿ, ಮತ್ತು ಆ ಮನೆಗೂ ನಮ್ಮ ಮನೆಗೂ ಗೋಡೆಯ ವಿಷಯಕ್ಕೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಹೊಳೆದಂಡೆಯ ಹುಡುಗಿ ಅತ್ತ ಇತ್ತ ನೋಡಿದಳು. ಮೆಟ್ಟಿಲಿಳಿದು ಒಂದು ಬೊಗಸೆ ನೀರು ಕುಡಿದಳು, ಸೀರೆಗೆ ಕಚ್ಚೆ ಹಾಕಿದಳು, ಧುಮುಕಿದಳು. ಕೊಡ ಎತ್ತುವುದು ಅವಳಿಗೆ ಮೂಗು ಒರೆಸಿಕೊಂಡಷ್ಟು ಸುಲಭದ ಕೆಲಸ. ಆದರೆ ಪಕ್ಕದ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸಿಗೆ ಕಂಡದ್ದು ಸೀರೆಯ ಒಂದು ಸೆರಗು, ಕೇಳಿಸಿದ್ದು 'ಧಡಂ' ಎಂಬ ಒಂದು ಸದ್ದು. ಹೊಸ ಸೊಸೆ ಬಾವಿಗೆ ಹಾರುವುದಕ್ಕೆ ನಮ್ಮ ಊರುಗಳಲ್ಲಿ ಇರುವುದು ಒಂದೇ ಅರ್ಥ. "ಸೊಸಿ ಬಾವಿಗೆ ಬಿದ್ಲು, ಬರ್ರೋ!" ಎಂದು ಆಕೆ ಎತ್ತಿದ ದನಿಗೆ ಓಣಿ ಓಣಿಯೇ ಹಗ್ಗ, ಏಣಿ, ಹರಕು ಕಂಬಳಿಗಳ ಸಮೇತ ಓಡಿಬಂತು. ಎಲ್ಲರಿಗಿಂತ ಮುಂದೆ ಅಜ್ಜಿ. ಬಾವಿಯ ಕಟ್ಟೆ ಹಿಡಿದು ಬಗ್ಗಿದಾಗ ಕಂಡದ್ದು ಬರೀ ಸುತ್ತುಸುತ್ತಾಗಿ ಹರಡುತ್ತಿದ್ದ ನೀರು. ಆ ಸುತ್ತುಗಳೆಲ್ಲ ಅಳಿದ ಮೇಲೆ, ಕೊಡವನ್ನು ಎದೆಗವಚಿಕೊಂಡು, ನಗುತ್ತ ನೀಲಮ್ಮತ್ತೆ ಮೇಲೆದ್ದಳು.

ಊರಿನ ಬಾಯಿ ಮುಚ್ಚುವವರು ಯಾರು? ಸಂಜೆಯೊಳಗೆ ಸುದ್ದಿ ಸಿರುಗುಪ್ಪ ಮುಟ್ಟಿ, ಮರುದಿನ ಬೆಳಿಗ್ಗೆ ಕೆಂಚನಗುಡ್ಡದಿಂದ ಒಂದು ಗಾಡಿ ತುಂಬ ನೆಂಟರು ಅಳುತ್ತ ಬಂದಿಳಿದರು. ಸತ್ತಿದ್ದಾಳೆಂದು ತಿಳಿದಿದ್ದ ಮಗಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕುಳಿತಿದ್ದನ್ನು ಕಂಡು ಅವರು ಇನ್ನೂ ಜೋರಾಗಿ ಅತ್ತರು. ಕೊಡಕ್ಕಾಗಿ ಹಾರಿದಳೆಂದರೆ ನಂಬಿದವರು ಕೆಲವರು. ಅಜ್ಜಿಯ ಕಾಟ ತಾಳಲಾರದೆ ಹಾರಿ, ನೀರು ತಣ್ಣಗೆ ಹತ್ತಿದ ಮೇಲೆ ಮನಸ್ಸು ಬದಲಿಸಿದಳೆಂದವರು ಹಲವರು. ಮೂರನೆಯ ದಿನ ಅಜ್ಜಿ ಸೊಸೆಯನ್ನು ದೊಡ್ಡ ಬಸವಣ್ಣನ ಮುಂದೆ ನಿಲ್ಲಿಸಿ ಪ್ರಮಾಣ ಮಾಡಿಸಿದಳು. "ಬಾವಿ, ಹೊಳಿ, ಕೆರಿ, ಹಳ್ಳ, ಹೊಂಡ, ಐದರಾಗೂ ಇಳಿಯಂಗಿಲ್ಲ ಅನ್ನು" ಎಂದು ಐದು ಬೆರಳು ಮಡಚಿ ತೋರಿಸಿದಳಂತೆ. ಬಸವಣ್ಣನ ಗೊರಸು ಮುಟ್ಟಿ ಅತ್ತೆ ಐದನ್ನೂ ಹೇಳಿದಳು. ಅಲ್ಲಿಗೆ ಅವಳ ಈಜು ಮುಗಿಯಿತು.

ಮುಗಿಯಿತೆಂದರೆ ಅವಳ ಮೈಯಿಂದ ಮುಗಿಯಿತು. ಬಾಯಿಂದ ಮುಂದುವರಿಯಿತು. ರಜೆಗೆ ಕುರುಗೋಡಿಗೆ ಹೋದ ನನ್ನನ್ನೂ ಓಣಿಯ ಇತರ ವಾನರಸೈನ್ಯವನ್ನೂ ಅವಳು ಬಾವಿಯ ಮೆಟ್ಟಿಲಿನ ಮೇಲೆ, ಪಾದಕ್ಕೆ ಹನಿ ತಾಗದಂತೆ ಕುಳಿತೇ ತಯಾರು ಮಾಡಿದಳು. ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ನಾನು ನೀರಿನ ಮೇಲೆ ಮಲಗಿ ಬಸವಣ್ಣನನ್ನೂ ಅಮ್ಮನನ್ನೂ ಒಟ್ಟಿಗೆ ಕೂಗುತ್ತಿದ್ದರೆ, ಮೇಲಿನಿಂದ "ಕಾಲು ಬಡಿಯೋ ಅಳಿಯಪ್ಪಾ, ನೀರಿನ ಜೋಡಿ ಜಗಳ ಆಡಬ್ಯಾಡ!" ಎಂದು ನಿರ್ದೇಶನ ಬರುತ್ತಿತ್ತು. ಮೂರು ಬೇಸಗೆಗಳಲ್ಲಿ ಬುರುಡೆಯೇ ಚೆನ್ನಾಗಿ ಈಜು ಕಲಿಯಿತು. ಅದನ್ನು ಬಿಟ್ಟರೆ ನಾನು. ಒಮ್ಮೆ ಅವಳ ತಮ್ಮನ ಮದುವೆಗೆಂದು ಕೆಂಚನಗುಡ್ಡದಿಂದ ಆಚೆ ದಡಕ್ಕೆ ಹರಗೋಲಿನಲ್ಲಿ ಹೋಗುತ್ತಿದ್ದೆವು. ನಾನು ಕೈ ಅದ್ದಿ ನೀರಾಟವಾಡುತ್ತಿದ್ದೆ. ಅತ್ತೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಉಪವಾಸದವರು ಪಂಕ್ತಿಯ ಎಲೆಗಳನ್ನು ನೋಡುವಂತೆ ಹೊಳೆಯನ್ನು ನೋಡುತ್ತಿದ್ದಳು. ಬೆರಳ ತುದಿ ಅದ್ದಿದರೆ ಪ್ರಮಾಣಕ್ಕೆ ಭಂಗ ಬರುತ್ತಿರಲಿಲ್ಲ. ಆದರೆ ಅವಳಿಗೆ ತನ್ನ ಮೇಲೆ ನಂಬಿಕೆಯಿರಲಿಲ್ಲವೆಂದು ಈಗ ಅನ್ನಿಸುತ್ತದೆ. ಅಂದು ಚಿಕ್ಕವನಾಗಿದ್ದ ನಾನೂ ಅವಳ ಮುಖ ನೋಡಿ ನೀರಿನಿಂದ ಕೈ ತೆಗೆದುಕೊಂಡಿದ್ದೆ.

ಇನ್ನು ಸಮುದ್ರದ ಮಾತು. ದೊಡ್ಡ ಯುದ್ಧ ಮುಗಿದು ರೇಷನ್ ಇನ್ನೂ ಮುಗಿಯದಿದ್ದ ದಿನಗಳು. ಬಳ್ಳಾರಿಯ ಒಂದು ಕಛೇರಿಯಲ್ಲಿ ಗುಮಾಸ್ತನಾಗಿದ್ದ ನಾನು ಇಲಾಖಾ ಪರೀಕ್ಷೆಯಲ್ಲಿ ಎರಡು ಸಲ ಯಶಸ್ವಿಯಾಗಿ ನಪಾಸಾಗಿ ಮೂರನೆಯ ಪ್ರಯತ್ನಕ್ಕೆ ಮೊದಲ ಸಲ ಮದರಾಸಿಗೆ ಹೊರಟಿದ್ದೆ. ಮಾವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಲ್ಲಿಯ ಆಸ್ಪತ್ರೆಯಲ್ಲಿ ತೆಗೆಯುತ್ತಾರೆಂದು ಕೇಳಿ, ದಸರೆ ಮುಗಿದ ಕೂಡಲೇ ಅವನೂ ಅತ್ತೆಯೂ ನನ್ನ ಜೊತೆಗೆ ರೈಲು ಹತ್ತಿದರು. ಒಂದು ಕಣ್ಣಿನ ಪೊರೆ ತೆಗೆದು, ಹತ್ತು ದಿನ ಅಲ್ಲಾಡದಂತೆ ಮಲಗಿಸಿ, ಕಡೆಗೆ ಹಸಿರು ಬಟ್ಟೆಯ ಪಟ್ಟಿ ಕಟ್ಟಿ ಕಳಿಸಿದರು. ಇನ್ನೊಂದು ಕಣ್ಣಿಗೆ ಆಳು ಯಾವುದು ಕಂಬ ಯಾವುದು ತಿಳಿಯುತ್ತಿರಲಿಲ್ಲ. ಊರಿಗೆ ಹೊರಡುವ ದಿನ ಬೆಳಿಗ್ಗೆ, ಇಷ್ಟು ದೂರ ಬಂದು ಸಮುದ್ರ ನೋಡದೆ ಹೋದರೆ ಕುರುಗೋಡಿನಲ್ಲಿ ತಲೆಯೆತ್ತಿ ತಿರುಗುವುದು ಹೇಗೆಂದು ಮೂವರೂ ಛತ್ರದಿಂದ ನಡೆದೇ ಹೋದೆವು. ಕಾಣದ ಕಣ್ಣಿನ ಮಾವನೇ ಎಲ್ಲರಿಗಿಂತ ಮುಂದೆ, ನನ್ನ ತೋಳು ಹಿಡಿದುಕೊಂಡು.

ಶರತ್ಕಾಲದ ಬೆಳಗು. ಆ ಕಡೆಯ ಮಳೆ ಇನ್ನೂ ಹಿಡಿದಿರಲಿಲ್ಲ. ಆಕಾಶ ತೊಳೆದಿಟ್ಟ ಹಿತ್ತಾಳೆಯ ಪಾತ್ರೆಯಂತಿತ್ತು. ಬಯಲುಸೀಮೆಯವನು ಮೊದಲ ಸಲ ಸಮುದ್ರವನ್ನು ಕಂಡಾಗ ಆಡಬೇಕಾದ ಗಂಭೀರವಾದ ಮಾತೊಂದನ್ನು ನಾನು ರೈಲಿನಲ್ಲಿಯೇ ಯೋಚಿಸಿಟ್ಟುಕೊಂಡಿದ್ದೆ. ಎದುರಿಗೆ ಅದು ಎದ್ದು ಬಂದಾಗ ಆ ಮಾತು ಮರೆತುಹೋಗಿ, "ಅಬ್ಬಾ, ಎಷ್ಟು ನೀರು!" ಎಂದೆ. ಆಮೇಲೆ, ಕುರುಗೋಡಿನ ಬಾವಿಯ ಪದವೀಧರನೆಂಬ ಹಮ್ಮಿನಿಂದ, ಪಂಚೆ ಎತ್ತಿ ಕಟ್ಟಿ ನೀರಿಗಿಳಿದೆ. ನನ್ನ ಪಂಗಡದ ಪದ್ಧತಿಯಂತೆ ಹೆಬ್ಬೆರಳು ಅದ್ದಿದೆ, ಹಿಮ್ಮಡಿ ಅದ್ದಿದೆ, ಮೊಣಕಾಲಿನ ವಿಷಯ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಒಂದು ಅಲೆ ಬಂದು ಎದೆಗೆ ಗುದ್ದಿ ಕೆಡವಿ, ಮರಳಲ್ಲಿ ಹೊರಳಿಸಿ, ಮೂಗಿನಲ್ಲಿ ಬಾಯಲ್ಲಿ ಉಪ್ಪು ತುಂಬಿಸಿ, ಅತ್ತೆಯ ಕಾಲ ಬುಡದಲ್ಲಿಯೇ ತಂದುಹಾಕಿ ಹೋಯಿತು. ಅತ್ತೆ ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಸಮುದ್ರದ ಕಡೆ ತಿರುಗಿದವಳು ಹಾಗೆಯೇ ನಿಂತುಬಿಟ್ಟಳು. ಹರಗೋಲಿನ ಅಂದಿನ ಮುಖ ಮತ್ತೆ ನನ್ನ ಕಣ್ಣೆದುರಿಗೇ ಇತ್ತು.

"ಏನ್ರಿ" ಎಂದಳು ಮಾವನಿಗೆ. "ಅವತ್ತು ಬಸವಣ್ಣನ ಮುಂದ ಅತ್ತಿ ಏನೇನು ಹೇಳಿಸಿದ್ರು? ನಿಮಗ ನೆಪ್ಪೈತೇನು?"

ಮರಳ ಮೇಲೆ ಕುಳಿತಿದ್ದ ಮಾವ ಬೆರಳು ಮಡಚಿದ. "ಬಾವಿ. ಹೊಳಿ. ಕೆರಿ. ಹಳ್ಳ. ಹೊಂಡ."

"ಇದು?"

ಮಾವ ಮಡಚಿದ ಬೆರಳುಗಳನ್ನು ಇನ್ನೊಂದು ಕೈಯಿಂದ ತಡವಿ ನೋಡಿಕೊಂಡ, ಎಲ್ಲಿಯಾದರೂ ಒಂದು ಉಳಿದಿದೆಯೋ ಎಂಬಂತೆ. ನಾನು ಒದ್ದೆ ಪಂಚೆಯಲ್ಲಿ ನಡುಗುತ್ತಲೇ, ಇಲಾಖಾ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಸಮಸ್ತ ನಿಯಮಾವಳಿಗಳ ಬಲದಿಂದ, ನಿಷೇಧದ ಪಟ್ಟಿಯಲ್ಲಿ ನಮೂದಾಗದ್ದು ನಿಷಿದ್ಧವಲ್ಲವೆಂದು ಅಭಿಪ್ರಾಯ ಕೊಟ್ಟೆ. ಇಬ್ಬರೂ ನನ್ನ ಕಡೆ ಲಕ್ಷ್ಯ ಕೊಡಲಿಲ್ಲ. ನಮ್ಮ ಅಜ್ಜಿ ತನ್ನ ಜೀವಮಾನದಲ್ಲಿ ಕಂಡ, ಕೇಳಿದ, ಹೆದರಿದ ನೀರನ್ನೆಲ್ಲ ಸೇರಿಸಿಯೇ ಪಟ್ಟಿ ಮಾಡಿದ್ದಳು. ಕುರುಗೋಡಿನಲ್ಲಿ ನಿಂತು ಸಮುದ್ರವನ್ನು ನೆನೆಸಿಕೊಳ್ಳಬೇಕೆಂದು ಯಾರಿಗೆ ತಾನೇ ಹೊಳೆದೀತು?

"ಇದನ್ನ ಅವ್ವ ಅಂದಿಲ್ಲ" ಎಂದ ಮಾವ ಕಡೆಗೆ. ಕಣ್ಣಿನ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತ, "ಹೋಗು. ನಾಳೆ ಯಾರರ ಕೇಳಿದ್ರ, ನಾ ಏನೂ ನೋಡ್ಲಿಲ್ಲ ಅಂತ ಖರೇನ ಹೇಳಬೌದು" ಎಂದ.

ಅನತಿದೂರದಲ್ಲಿ ಮುದುಕನೊಬ್ಬ ಬಲೆ ಬಿಡಿಸುತ್ತ ಕುಳಿತಿದ್ದ. ಅವನಾಡಿದ ತಮಿಳು ನಮಗೆ ತಿಳಿಯಲಿಲ್ಲ, ನನ್ನ ಇಂಗ್ಲಿಷು ಅವನಿಗೆ ಬೇಕಾಗಿರಲಿಲ್ಲ. ಅತ್ತೆ ಸಿರುಗುಪ್ಪದ ಸಂತೆಯ ತೆಲುಗಿನಲ್ಲಿ ಮಾತಾಡಿಸಿದ ಕೂಡಲೇ ಅವನ ಮುಖ ಅರಳಿತು. ಅವನದೂ ತೆಲುಗು ಮನೆಯಂತೆ. ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, "ಅಲಕು ಎದುರುಗಾ ನಿಲಬಡೊದ್ದಮ್ಮಾ. ವಚ್ಚೇಟಪ್ಪುಡು ಕಿಂದ ದೂರಿಪೋ" ಎಂದ. ಅಲೆಗೆ ಎದುರು ನಿಲ್ಲಬೇಡ, ಬಂದಾಗ ಅದರ ಕೆಳಗೆ ನುಸುಳು ಎಂದು. ಅಲೆ ಮುರಿಯುವ ಗೆರೆ ದಾಟಿದ ಮೇಲೆ ದೂರ ಹೋಗದೆ ದಡದ ಗುಂಟವೇ ಈಜು, ಅಲ್ಲಿ ಕಟ್ಟುಮರದ ತೆಪ್ಪಗಳನ್ನು ಎಳೆದಿಟ್ಟ ಕಡೆ ಹೊರಗೆ ಬಾ ಎಂದು ಕೈಯಿಂದ ತೋರಿಸಿದ. ನನಗೆ ಈ ಉಪದೇಶ ಅರ್ಧ ಗಂಟೆ ಮೊದಲೇ ಸಿಗಬೇಕಿತ್ತು.

ಅತ್ತೆ ಕಚ್ಚೆ ಹಾಕಿದಳು. ಸೆರಗನ್ನು ಸೊಂಟಕ್ಕೆ ಬಿಗಿದಳು. ನಲವತ್ತು ದಾಟಿದ, ಕೂದಲು ನೆರೆಯಲು ತೊಡಗಿದ ಹೆಂಗಸು ನೀರಿನ ಅಂಚಿನಲ್ಲಿ ಬಗ್ಗಿ ಬೊಗಸೆ ತುಂಬಿಕೊಂಡಳು. "ಅತ್ತೀ, ಅದು ಉಪ್ಪು!" ಎಂದು ನಾನು ಅನುಭವಸ್ಥನಾಗಿ ಕೂಗಿದೆ. ಕೇಳಿಸಿತೋ ಇಲ್ಲವೋ, ಒಂದೇ ಗುಟುಕಿಗೆ ಕುಡಿದಳು. ಮುಖ ಹುಣಸೆಹಣ್ಣಾಯಿತು, ಮೈ ಜುಮ್ಮೆಂದು ನಡುಗಿತು, ಆದರೆ ಉಗುಳಲಿಲ್ಲ. ಕೊಟ್ಟವರ ಎದುರಿಗೆ ಉಗುಳುವುದುಂಟೆ? ಮುಂದಿನ ಅಲೆ ಏಳುತ್ತಿದ್ದಂತೆ ತಲೆ ಬಗ್ಗಿಸಿ ಅದರ ಕೆಳಗೆ ಹೋದಳು.

"ಎಲ್ಲಿ ಅದಾಳ?" ಎಂದ ಮಾವ.

ಅಂದು ನಾನು ಮಾಡಿದ ವರದಿಗಾರಿಕೆಯನ್ನು ಜೀವನದಲ್ಲಿ ಇನ್ನೆಂದೂ ಮಾಡಲಾರೆ. ಮಾವ ನನ್ನ ತೋಳು ಹಿಡಿದಿದ್ದಾನೆ, ಇಬ್ಬರೂ ದಡದ ಗುಂಟ ನಡೆಯುತ್ತಿದ್ದೇವೆ, ಅಲೆಯ ಆಚೆ ಅತ್ತೆ ಈಜುತ್ತಿದ್ದಾಳೆ. ಎದ್ದಳು ಮಾವ, ಅಲೆ ದಾಟಿದಳು ಮಾವ, ಈಗ ಕೈ ಬೀಸುತ್ತಿದ್ದಾಳೆ, ಈಗ ಅಂಗಾತ ಮಲಗಿದ್ದಾಳೆ, ಹಾಸಿಗೆಯ ಮೇಲೆ ಮಲಗಿದಂತೆಯೇ, ಈಗ ಪಕ್ಕಕ್ಕೆ ತಿರುಗಿದಳು. ಇಪ್ಪತ್ತೈದು ವರ್ಷ ನೀರು ಮುಟ್ಟದ ತೋಳುಗಳು ಒಂದನ್ನೂ ಮರೆತಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಬಾಯಲ್ಲಿ ಹೇಳುತ್ತಿದ್ದುದೆಲ್ಲ ಹೀಗಿತ್ತೇ, ಇದನ್ನು ಬಿಟ್ಟು ನಾವು ಸೋರೆ ಬುರುಡೆಯನ್ನು ನಂಬಿದ್ದೆವೇ ಎನ್ನಿಸಿತು. ಮಾವ ಕಾಣದ ಮುಖವನ್ನು ಸಮುದ್ರಕ್ಕೇ ತಿರುಗಿಸಿಕೊಂಡು, ಪ್ರತಿ ವಾಕ್ಯಕ್ಕೂ "ಹೂಂ, ಹೂಂ" ಎನ್ನುತ್ತಿದ್ದ.

ಆಗ ದೊಡ್ಡದೊಂದು ಅಲೆ ಎದ್ದಿತು. ಅದು ಮುರಿದು ನೊರೆ ಹರಡಿದ ಮೇಲೆ ನೋಡಿದರೆ ಅತ್ತೆ ಇರಲಿಲ್ಲ. ಅತ್ತ ನೋಡಿದೆ, ಇತ್ತ ನೋಡಿದೆ. ನೊರೆ, ನೀರು, ಮತ್ತೆ ನೀರು. ನನ್ನ ಬಾಯಿ ನಿಂತುಹೋಯಿತು.

"ಯಾಕ ಸುಮ್ಮನಾದಿ?"

ಮಾವನ ಬೆರಳುಗಳು ನನ್ನ ತೋಳಿನೊಳಕ್ಕೆ ಇಳಿದವು. "ಅಳಿಯಾ, ಯಾಕ ಸುಮ್ಮನಾದಿ, ಹೇಳೋ!" ಎಂದ, ಆ ದನಿ ಮಾವನದೆಂದು ಗುರುತೇ ಸಿಗಲಿಲ್ಲ. ನಿಷೇಧದ ಪಟ್ಟಿ, ನನ್ನ ಕಾನೂನು ಪಾಂಡಿತ್ಯ ಎಲ್ಲವೂ ಆ ಗಳಿಗೆಯಲ್ಲಿ ನನ್ನನ್ನೇ ಕೊರಳು ಹಿಡಿದು ಕೇಳುತ್ತಿದ್ದವು: ಹೋಗು ಅಂದವರಲ್ಲಿ ನೀನೂ ಒಬ್ಬನಲ್ಲವೇ? ಎಷ್ಟು ಹೊತ್ತಾಯಿತೋ ತಿಳಿಯದು, ಹತ್ತು ಉಸಿರಿನಷ್ಟು ಇದ್ದೀತು. ನಾನು ನೋಡುತ್ತಿದ್ದ ಜಾಗಕ್ಕಿಂತ ಬಹಳ ಮುಂದೆ, ಕಟ್ಟುಮರಗಳ ನೇರಕ್ಕೆ, ಒಂದು ತಲೆ ಎದ್ದಿತು. "ಅದಾಳ ಮಾವ!" ಎಂದು ಕೂಗಿದೆ. ಮಾವ ಇದ್ದಲ್ಲೇ ಮರಳ ಮೇಲೆ ಕುಸಿದು ಕುಳಿತ. ಡಾಕ್ಟರರು ಅಳಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಪಟ್ಟಿ ಕಟ್ಟಿದ ಕಣ್ಣನ್ನು ಹೇಗೋ ಉಳಿಸಿಕೊಂಡು ಇನ್ನೊಂದರಿಂದ ಅತ್ತ.

ದಡಕ್ಕೆ ಬಂದ ಅತ್ತೆಗೆ ಇದಾವುದೂ ತಿಳಿದಿರಲಿಲ್ಲ. ತಲೆಗೂದಲು ಹಿಂಡಿಕೊಳ್ಳುತ್ತ, ಹತ್ತು ವರ್ಷದ ಹುಡುಗಿಯ ದನಿಯಲ್ಲಿ, "ಆ ಕಡೆ ದಡಾನ ಇಲ್ಲಲ್ಲೋ ಅಳಿಯಪ್ಪಾ! ಎಲ್ಲಿ ಮುಟ್ಟಿ ಹೊಳ್ಳಬೇಕು ಅಂತ ತಿಳೀಲಿಲ್ಲ" ಎಂದಳು. ಗಂಡನ ಮುಖ ನೋಡಿದ ಮೇಲೆ ಒದ್ದೆ ಸೀರೆಯಲ್ಲೇ ಅವನ ಪಕ್ಕ ಕುಳಿತು, ಅವನ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡಳು. ಬಳ್ಳಾರಿ ಸೀಮೆಯ ಗಂಡಹೆಂಡಿರು ಹಾಡಹಗಲಲ್ಲಿ ಕೈ ಹಿಡಿದು ಕುಳಿತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಬೇರೆ ಕಡೆ ತಿರುಗಿ ಕಟ್ಟುಮರಗಳ ಕುಶಲ ವಿಚಾರಿಸಿದೆ.

ಈ ವಿಷಯ ಅವ್ವನ ಕಿವಿಗೆ ಬೀಳಬಾರದೆಂದು ಮಾವ ಗುಂತಕಲ್ಲು ಬರುವವರೆಗೆ ಮೂರು ಸಲ ಹೇಳಿದ. ನಾನು ಒಪ್ಪಿದೆ. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಕುರುಗೋಡು ಮುಟ್ಟಿದ್ದು ದೀಪಾವಳಿಯ ನೀರು ತುಂಬುವ ಹಬ್ಬದ ದಿನ. ಬಂದವಳೇ ಅತ್ತೆ ಒಲೆಯ ಮುಂದೆ ಕುಳಿತು ಬಡಿದ ರೊಟ್ಟಿಯಲ್ಲಿ ಮಧ್ಯಾಹ್ನದ ಊಟ ಆಗಿತ್ತು; ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ ಇಟ್ಟಿದ್ದರು. ಅಜ್ಜಿ ಪಡಸಾಲೆಯಲ್ಲಿ ಕಂಬಕ್ಕೊರಗಿ ಕುಳಿತು, ಮಗನ ಕಣ್ಣಿನ ವಿಷಯವನ್ನೆಲ್ಲ ವಿಚಾರಿಸಿ, ಡಾಕ್ಟರರು ಕಟ್ಟಿದ ಪಟ್ಟಿಯ ಗಂಟಿನಲ್ಲಿ ಒಂದು ದೋಷ ಕಂಡುಹಿಡಿದು, ಆಮೇಲೆ ಸೊಸೆಯನ್ನು ಕೇಳಿದಳು: "ಮದರಾಸಿನಾಗ ಏನು ನೋಡಿದಿ?"

"ಸಮುದ್ರ ನೋಡಿದೆ ಅತ್ತಿ" ಎಂದಳು ಅತ್ತೆ. ಮುಂದಿನ ಮಾತಿಗೆ ಅವಳು ಉಸಿರು ಕೂಡ ತೆಗೆದುಕೊಳ್ಳಲಿಲ್ಲ. "ಅದರಾಗ ಇಳಿದು ಈಸಿದೆ."

ಮಾವ ನೀರು ಕುಡಿಯಲು ಎದ್ದುಹೋದ. ನನಗೆ ಹಾಗಲಬಳ್ಳಿಯ ರಚನೆಯಲ್ಲಿ ಅಪಾರ ಆಸಕ್ತಿ ಹುಟ್ಟಿತು. ಅಜ್ಜಿ ತನ್ನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಐದು ಅಂದಿದ್ದೆ" ಎಂದಳು. "ಆರನೇದು ಒಂದು ಐತಿ ಅಂತ ನನಗೇನು ಗೊತ್ತು?" ಆಮೇಲೆ, ಜಗಳದ ದನಿಯಲ್ಲೂ ಅಲ್ಲದೆ ಸಮಾಧಾನದ ದನಿಯಲ್ಲೂ ಅಲ್ಲದೆ, "ಊರ ಮಂದಿ ಮಾತಿಗೆ ಹೆದರಿ ಆಣಿ ಹಾಕಿಸಿದಳು ಮುದುಕಿ ಅಂತ ತಿಳಿದೀ ಅಲ್ಲ ನೀನು? ಮಂದಿ ಮಾತು ಹಾಳಾಗಿ ಹೋಗ್ಲಿ. ಅವತ್ತು ಮುಂಜಾನೆ ನಾ ನಿನಗ, ರೊಟ್ಟಿ ದಪ್ಪ ಆಗ್ಯಾವ, ನಿಮ್ಮವ್ವ ಇಷ್ಟನ ಕಲಿಸ್ಯಾಳೇನು ಅಂದಿದ್ದೆ. ನೀ ಅಳಕೋತ ಒಳಗ ಹೋದಿ. ಆಮ್ಯಾಲ ಬಾವ್ಯಾಗ ಸಪ್ಪಳ ಕೇಳಿಸ್ತು. ನೀ ಮ್ಯಾಲ ಏಳೂತನಾ ನಾ ಕಟ್ಟಿ ಹಿಡ್ಕೊಂಡು ನಿಂತಿದ್ದೆ. ಒಂದು ರೊಟ್ಟಿ ಮಾತಿಗೆ ಮಂದಿ ಮಗಳನ್ನ ಕೊಂದೆ ಅಂತ ಬಸವಣ್ಣನ ಮುಂದ ಏನು ಹೇಳ್ಲಿ ಅಂತ ನಿಂತಿದ್ದೆ" ಎಂದಳು.

ನೀಲಮ್ಮತ್ತೆ ಬಾಯಿ ತೆರೆದು ನಿಂತಿದ್ದಳು. "ನಾ ಅತ್ತಿದ್ದು ನೆಪ್ಪೇ ಇಲ್ಲ ಅತ್ತಿ. ಕೊಡ ಬಿದ್ದಿತ್ತು, ಅದಕ್ಕ ಇಳಿದೆ" ಎಂದಳು.

"ನಿನಗ ನೆಪ್ಪಿಲ್ಲ. ನನಗ ಐತಿ."

ಇಪ್ಪತ್ತೈದು ವರ್ಷ ಆ ರೊಟ್ಟಿಯನ್ನು ಅಜ್ಜಿ ಮಾತಿಲ್ಲದೆ ಜಗಿದದ್ದು ಏಕೆಂದು ನನಗೆ ಆಗ ತಿಳಿಯಿತು. ಹತ್ತು ಉಸಿರಿನಷ್ಟು ಹೊತ್ತು ಕಡಲ ದಂಡೆಯಲ್ಲಿ ನಿಂತು ನಾನು ಪಟ್ಟ ಪಾಡನ್ನು ಆಕೆ ಅಷ್ಟು ವರ್ಷ ಪಡುತ್ತಲೇ ಬಂದಿದ್ದಳು. ನಾನು ಆಕೆಯನ್ನು ಜೀವನವಿಡೀ ಗಯ್ಯಾಳಿ ಮುದುಕಿಯೆಂದು ನಕ್ಕವನು. ಅಂದು ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು.

ಅಜ್ಜಿ ಕಂಬ ಹಿಡಿದು ಎದ್ದಳು. "ನಡಿ. ಹಬ್ಬದ ನೀರು ಮ್ಯಾಲಿಂದ ಸೇದಬ್ಯಾಡ, ಒಳಗಿಳಿದು ತುಂಬಿ ತಾ. ಬಸವಣ್ಣಗ ನಾ ಹೇಳ್ಕೋತೀನಿ. ನಾ ಕಟ್ಟಿ ಮ್ಯಾಲ ಕುಂತಿರ್ತೀನಿ. ಆದ್ರ ಒಂದು ಮಾತು, ಮುಳುಗಿ ಎದ್ದಾಗೊಮ್ಮೆ ಅದೀನಿ ಅಂತ ಕೂಗಬೇಕು. ನನಗ ಈಗ ಅಷ್ಟು ಕಾಣಂಗಿಲ್ಲ."

ಹೀಗೆ ಆ ಇಳಿಹೊತ್ತಿನಲ್ಲಿ, ಪಕ್ಕದ ಹಿತ್ತಲುಗಳೆಲ್ಲ ಇಣುಕಿ ನೋಡುತ್ತಿದ್ದಂತೆಯೇ, ಕುರುಗೋಡಿನ ಇತಿಹಾಸದಲ್ಲಿ ಮೊದಲ ಬಾರಿಗೆ ಒಬ್ಬ ಅತ್ತೆ ತನ್ನ ಸೊಸೆಯನ್ನು ತಾನೇ ಕರೆದುಕೊಂಡು ಹೋಗಿ ಬಾವಿಗೆ ಇಳಿಸಿದಳು. ನೀಲಮ್ಮತ್ತೆ ಮೆಟ್ಟಿಲಲ್ಲಿ ಬಗ್ಗಿ ಒಂದು ಬೊಗಸೆ ಕುಡಿದಳು. ಸಿಹಿನೀರು, ಈ ಸಲ ಮುಖ ಹುಳ್ಳಗಾಗಲಿಲ್ಲ. ಧುಮುಕಿದಳು. ಸುತ್ತುಗಳು ಹರಡಿದವು. ಅಜ್ಜಿಯ ಕೈ ಕಟ್ಟೆಯ ಕಲ್ಲನ್ನು ಹಿಡಿಯಿತು. ನೀರು ಒಡೆಯಿತು, ಕೆಳಗಿನಿಂದ "ಅತ್ತೀ, ಅದೀನಿ!" ಎಂಬ ಕೂಗು ಕಲ್ಲಿನಿಂದ ಕಲ್ಲಿಗೆ ಬಡಿಯುತ್ತ ಮೇಲೆ ಬಂತು. ಮತ್ತೆ ಮುಳುಗಿದಳು, ಮತ್ತೆ ಎದ್ದಳು, "ಅದೀನಿ!" ಮೂರನೆಯ ಸಲಕ್ಕೆ ಅಜ್ಜಿಯ ಕೈ ಕಲ್ಲನ್ನು ಬಿಟ್ಟಿತು. ಬೊಚ್ಚು ಬಾಯಿಯನ್ನು ಬಾವಿಯೊಳಕ್ಕೆ ಬಗ್ಗಿಸಿ, ಇಪ್ಪತ್ತೈದು ವರ್ಷ ತಡೆದಿಟ್ಟುಕೊಂಡದ್ದನ್ನೆಲ್ಲ ಒಟ್ಟಿಗೆ ಸೇರಿಸಿ ಕೂಗಿದಳು:

"ಮಧ್ಯಾಹ್ನದ ರೊಟ್ಟಿ ದಪ್ಪ ಆಗಿದ್ದುವಲೇ!"

ಬಾವಿಯೊಳಗಿನಿಂದ ನಗು ಬಂತು. ಮೇಲೆ ಅಜ್ಜಿಯೂ ನಕ್ಕಳು, ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡಳು.

ಇದೆಲ್ಲ ಆಗಿ ಐದಾರು ವರ್ಷವಾಯಿತು. ಅಜ್ಜಿ ಈಗಿಲ್ಲ. ಇಲಾಖಾ ಪರೀಕ್ಷೆಯ ಫಲಿತಾಂಶವನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ನಾನು ಇಂದಿಗೂ ಮೂರನೆಯ ಪಂಗಡದವನೇ. ಆದರೆ ಒಂದು ಸಣ್ಣ ತಿದ್ದುಪಡಿಯಾಗಿದೆ. ಬಚ್ಚಲಿನಲ್ಲಿ ಕುಳಿತವನು ಮೊದಲು ಒಂದು ಬೊಗಸೆ ಕುಡಿಯುತ್ತೇನೆ, ಆಮೇಲೆ ಪಾದಕ್ಕೆ ಒಂದಿಷ್ಟು, ಮೊಣಕಾಲಿಗೆ ಒಂದಿಷ್ಟು. ತಂಬಿಗೆ ಹಿಡಿದು ಯೋಚಿಸುತ್ತ ಕೂರುವುದೂ ತಪ್ಪಿಲ್ಲ. ಸದ್ದಿಲ್ಲದೆ ಹತ್ತು ನಿಮಿಷವಾಗುತ್ತಲೇ ಬಾಗಿಲ ಮೇಲೆ ಹೆಂಡತಿಯ ಕೈ ಬೀಳುತ್ತದೆ: "ಏನ್ರಿ, ಒಳಗ ಅದೀರೋ ಇಲ್ಲೋ?" ಅದು ಅವಮಾನದ ಪ್ರಶ್ನೆಯಲ್ಲವೆಂದು ಈಗ ಗೊತ್ತು. ಅವಳು ಎರಡನೆಯ ಸಲ ಬಡಿಯುವ ಮೊದಲೇ, ಗಟ್ಟಿಯಾಗಿ, ಓಣಿಗೆ ಕೇಳಿಸುವಂತೆ ಹೇಳುತ್ತೇನೆ:

"ಅದೀನಿ!"